ಕಾಯಿಸದೆ ಅಚ್ಚುಗೊಳಿಸುವ ಮರದ ದೋಣಿ: ವಿಧಾನ ಮತ್ತು ವೆಚ್ಚದ ಲೆಕ್ಕ

ಮರ, ಪ್ಲೈವುಡ್ ಹಾಗೂ ಪೀಠೋಪಕರಣಗಳ ವ್ಯವಹಾರದಲ್ಲಿ ತೊಡಗಿರುವ ಸದಸ್ಯ ಮಿತ್ರರು ಈಚಿನ ವರ್ಷಗಳಲ್ಲಿ ನನ್ನನ್ನು ಹಲವು ಬಾರಿ ಕೇಳಿರುವ ಪ್ರಶ್ನೆಯೊಂದಿದೆ. ಹಿನ್ನೀರಿನ ವಿಹಾರಧಾಮಗಳಿಗೆ ಹಾಗೂ ಜಲಕ್ರೀಡಾ ಕೇಂದ್ರಗಳಿಗೆ ಹಗುರವಾದ, ನೋಡಲು ಸೊಗಸಾದ ಮರದ ದೋಣಿಗಳನ್ನು ತಯಾರಿಸಿ ಕೊಡಬಹುದಲ್ಲವೆ, ಅದಕ್ಕೆ ದೊಡ್ಡ ಯಂತ್ರಸ್ಥಾವರ ಬೇಕಿಲ್ಲವಂತೆ, ವೆನೀರ್ ಮತ್ತು ಅಂಟು ಇದ್ದರೆ ಸಾಕಂತೆ, ನಿಜವೆ? ಈ ಪ್ರಶ್ನೆಯ ಹಿಂದಿರುವುದು ಇಂಗ್ಲಿಷಿನಲ್ಲಿ ಕೋಲ್ಡ್ ಮೋಲ್ಡಿಂಗ್ ಎಂದು ಕರೆಯಲಾಗುವ ನಿರ್ಮಾಣ ವಿಧಾನ. ಪ್ರಸ್ತುತ ಲೇಖಕನು ದೋಣಿ ಕಟ್ಟುವವನಲ್ಲ, ಲೆಕ್ಕ ಪರಿಶೋಧಕ. ಆದರೆ ಇಂತಹ ಒಂದು ದೋಣಿಯ ಲೆಕ್ಕಪತ್ರವನ್ನು ಆರಂಭದಿಂದ ಅಂತ್ಯದವರೆಗೆ ನೋಡುವ ಸಂದರ್ಭ ಒದಗಿಬಂದಿತ್ತು. ಅದರಲ್ಲಿ ನನ್ನ ಸಲಹೆಯೂ ತಪ್ಪಾಗಿತ್ತು. ಆ ತಪ್ಪು ಎಲ್ಲಿ ಆಯಿತೆಂದು ತಿಳಿಯಲು ವಿಧಾನವನ್ನೇ ಅಭ್ಯಸಿಸಬೇಕಾಯಿತು. ಅಭ್ಯಸಿಸಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ವ್ಯಾಪಾರಿಗಳಿಗೆ ಪರಿಚಿತವಾದ ವಸ್ತುವಿನಿಂದಲೇ ಆರಂಭಿಸೋಣ. ಭಾರತೀಯ ಮಾನಕ 710ಕ್ಕೆ ಅನುಗುಣವಾದ ಮೆರೈನ್ ಪ್ಲೈವುಡ್ಡನ್ನು ಮಾರದ ಪ್ಲೈವುಡ್ ಅಂಗಡಿ ಇರಲಾರದು. ತೆಳುವಾದ ವೆನೀರುಗಳನ್ನು ಎಳೆಗಳು ಒಂದಕ್ಕೊಂದು ಅಡ್ಡವಾಗುವಂತೆ ಇರಿಸಿ, ನಡುವೆ ಫಿನಾಲ್ ಫಾರ್ಮಾಲ್ಡಿಹೈಡ್ ರಾಳವನ್ನು ಸವರಿ, ಬಿಸಿ ಒತ್ತುಯಂತ್ರದಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದರೆ ಈ ಹಲಗೆ ಸಿದ್ಧವಾಗುತ್ತದೆ. ಮರವು ಎಳೆಯ ಉದ್ದಕ್ಕೆ ಬಲಿಷ್ಠ, ಅಡ್ಡಕ್ಕೆ ದುರ್ಬಲ. ನೀರು ಕುಡಿದಾಗ ಹಿಗ್ಗುವುದೂ ಅಡ್ಡಕ್ಕೇ ಹೆಚ್ಚು. ಎಳೆಗಳನ್ನು ಅಡ್ಡಡ್ಡ ಇರಿಸುವುದರಿಂದ ಒಂದು ಪದರದ ದೌರ್ಬಲ್ಯವನ್ನು ಇನ್ನೊಂದು ಪದರ ತಡೆಯುತ್ತದೆ. ಆದರೆ ಒತ್ತುಯಂತ್ರದ ಫಲಕ ಸಪಾಟಾಗಿರುವುದರಿಂದ ಅದರಿಂದ ಹೊರಬರುವ ಹಲಗೆಯೂ ಸಪಾಟು. ಅದನ್ನು ಒಂದು ದಿಕ್ಕಿನಲ್ಲಿ ಬಾಗಿಸಬಹುದು. ದೋಣಿಯ ಒಡಲಾದರೋ ಉದ್ದಕ್ಕೂ ಬಾಗಿರುತ್ತದೆ, ಅಡ್ಡಕ್ಕೂ ಬಾಗಿರುತ್ತದೆ. ಕಾಗದದ ಹಾಳೆಯನ್ನು ತೆಂಗಿನಕಾಯಿಗೆ ಸುಕ್ಕಿಲ್ಲದೆ ಸುತ್ತಲು ಯತ್ನಿಸಿದವರಿಗೆ ಈ ಕಷ್ಟ ಅರ್ಥವಾದೀತು.

ಕೋಲ್ಡ್ ಮೋಲ್ಡಿಂಗ್ ವಿಧಾನದಲ್ಲಿ ಪ್ಲೈವುಡ್ಡನ್ನು ತಂದು ಬಾಗಿಸುವುದಿಲ್ಲ. ದೋಣಿಯ ಆಕಾರದಲ್ಲಿಯೇ ಪ್ಲೈವುಡ್ಡನ್ನು ತಯಾರಿಸಲಾಗುತ್ತದೆ. ಹಾಳೆಯ ಬದಲು ಕಿರಿದಾದ ಪಟ್ಟಿಗಳನ್ನು ಬಳಸುವುದರಿಂದ ಎರಡು ದಿಕ್ಕಿನ ಬಾಗುವಿಕೆ ಸಾಧ್ಯವಾಗುತ್ತದೆ. ‘ಕೋಲ್ಡ್’ ಎಂಬ ವಿಶೇಷಣಕ್ಕೆ ಅರ್ಥವಿಷ್ಟೆ: ಅಂಟು ಸಾಮಾನ್ಯ ಹವೆಯಲ್ಲಿಯೇ ಗಟ್ಟಿಯಾಗುತ್ತದೆ, ಕುಲುಮೆಯೂ ಬೇಡ, ಹಬೆಯೂ ಬೇಡ.

ಕೆಲಸದ ಕ್ರಮ

ಮೊದಲಿಗೆ ದೋಣಿಯನ್ನು ಬೋರಲಾಗಿ ಕವುಚಿ ಹಾಕಿದಂತೆ ಅಚ್ಚನ್ನು ಕಟ್ಟತಕ್ಕದ್ದು. ನೆಲಕ್ಕೆ ಭದ್ರಪಡಿಸಿದ ಚೌಕಟ್ಟಿನ ಮೇಲೆ, ನಕ್ಷೆಯಲ್ಲಿರುವ ಅಡ್ಡಕೊಯ್ತದ ಆಕಾರಗಳಿಗೆ ಕತ್ತರಿಸಿದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಉದ್ದನೆಯ ರೀಪುಗಳನ್ನು ಒತ್ತೊತ್ತಾಗಿ ಬಡಿಯುತ್ತಾರೆ. ರೀಪುಗಳ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ಇಲ್ಲವಾದರೆ ದೋಣಿಯೂ ಅಚ್ಚೂ ಒಂದಕ್ಕೊಂದು ಅಂಟಿಕೊಂಡು ಬೇರ್ಪಡಲಾರವು. ಅಚ್ಚಿನಲ್ಲಿರುವ ಒಂದು ಉಬ್ಬು ಅಥವಾ ತಗ್ಗು ಮುಂದೆ ಹೊಳೆಯುವ ವಾರ್ನಿಷಿನಲ್ಲಿ ಹತ್ತುಪಟ್ಟು ಎದ್ದು ಕಾಣುವುದರಿಂದ, ಮಾರಾಟವಾಗದ ಈ ವಸ್ತುವಿಗೆ ಮಾರಾಟವಾಗುವ ವಸ್ತುವಿನಷ್ಟೇ ಶ್ರಮ ಸಲ್ಲುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಅನಂತರ ಸುಮಾರು 3 ಮಿಲಿಮೀಟರ್ ದಪ್ಪ ಮತ್ತು 100ರಿಂದ 150 ಮಿಲಿಮೀಟರ್ ಅಗಲದ ವೆನೀರ್ ಪಟ್ಟಿಗಳನ್ನು ಕೀಲ್ ಎಂಬ ಅಡಿಮರಕ್ಕೆ 45 ಡಿಗ್ರಿ ಕೋನದಲ್ಲಿ ಓರೆಯಾಗಿ ಮಲಗಿಸುತ್ತಾ ಬರುತ್ತಾರೆ. ಇದು ಮೊದಲನೆಯ ಪದರ. ಎರಡನೆಯದು ಅದಕ್ಕೆ ವಿರುದ್ಧವಾದ ಓರೆಯಲ್ಲಿ. ಮೂರನೆಯದನ್ನು ಕೆಲವರು ಮತ್ತೆ ಓರೆಯಾಗಿಯೂ, ನೋಟಕ್ಕೆ ಮಹತ್ವ ಕೊಡುವವರು ದೋಣಿಯ ಉದ್ದಕ್ಕೂ ಹಾಕುತ್ತಾರೆ. ತುಂಬ ಚಿಕ್ಕ ದೋಣಿಗಳಿಗೆ ಇನ್ನೂ ತೆಳುವಾದ ವೆನೀರನ್ನು ಬಳಸುವುದುಂಟು.

ಓದುವಾಗ ಸುಲಭವೆನಿಸುವ ಈ ಹಂತದಲ್ಲಿಯೇ ಕೂಲಿಯ ದಿನಗಳು ಕರಗಿಹೋಗುತ್ತವೆ. ದೋಣಿಯ ನಡುಭಾಗದಲ್ಲಿ ಸುತ್ತಳತೆ ಹೆಚ್ಚು, ತುದಿಗಳಲ್ಲಿ ಕಡಮೆ. ಆದ್ದರಿಂದ ಸಮಾನ ಅಗಲದ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತುದಿಗಳಲ್ಲಿ ಕೂಡಿಕೊಂಡು ನಡುವೆ ಬಾಯಿಬಿಡುತ್ತವೆ, ಅಥವಾ ನಡುವೆ ಕೂಡಿಕೊಂಡು ತುದಿಯಲ್ಲಿ ಒಂದರ ಮೇಲೊಂದು ಏರುತ್ತವೆ. ಪ್ರತಿಯೊಂದು ಪಟ್ಟಿಯ ಅಂಚನ್ನೂ ಪಕ್ಕದ ಪಟ್ಟಿಗೆ ಹೊಂದುವಂತೆ ಗುರುತು ಮಾಡಿ ಉಜ್ಜುಗೊರಡಿನಿಂದ ಸವರಬೇಕು. ಒಂದು ಪಟ್ಟಿಗೆ ಕುಶಲಿಯಾದ ಬಡಗಿ 20ರಿಂದ 30 ನಿಮಿಷ ತೆಗೆದುಕೊಳ್ಳುತ್ತಾನೆಂದು ಹಿಡಿಯೋಣ. ಒಡಲಿನ ಮೇಲ್ಮೈ 20 ಚದರ ಮೀಟರ್ ಇರುವ, ಸುಮಾರು 7 ಮೀಟರ್ ಉದ್ದದ ದೋಣಿಯಲ್ಲಿ, 2 ಮೀಟರ್ ಉದ್ದ ಹಾಗೂ 100 ಮಿಲಿಮೀಟರ್ ಅಗಲದ ಪಟ್ಟಿಗಳು ಪದರಕ್ಕೆ 100ರಂತೆ ಮೂರು ಪದರಗಳಿಗೆ 300 ಬೇಕು. ಸರಾಸರಿ 25 ನಿಮಿಷದಂತೆ 125 ಗಂಟೆ. ಅದೂ ಒಂದು ಪಟ್ಟಿಯೂ ಕೆಡದೆ ಇದ್ದಲ್ಲಿ.

ಅಂಟು ಗಟ್ಟಿಯಾಗುವವರೆಗೆ ಪಟ್ಟಿಯನ್ನು ಅದುಮಿ ಹಿಡಿಯಬೇಕಷ್ಟೆ. ಅದಕ್ಕೆ ಎರಡು ಮಾರ್ಗಗಳಿವೆ. ಒಂದನೆಯದು ಸ್ಟೇಪಲ್ ಪಿನ್ನುಗಳನ್ನು ಹೊಡೆಯುವುದು. ಪಟ್ಟಿಗೆ 30ರಂತೆ ಲೆಕ್ಕ ಹಾಕಿದರೆ ಮೇಲಿನ ದೋಣಿಗೆ 9,000 ಪಿನ್ನುಗಳಾದವು. ಹೊಡೆದಷ್ಟನ್ನೂ ಮರುದಿನ ಕೀಳಬೇಕು. ಕೀಳಲು ಅನುಕೂಲವಾಗಲೆಂದು ಪಿನ್ನಿನ ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ಹಾಯಿಸಿ, ಆ ಪಟ್ಟಿಯನ್ನೇ ಎಳೆದು ಸಾಲಾಗಿ ಎಬ್ಬಿಸುವ ಉಪಾಯವನ್ನು ಅನುಸರಿಸುತ್ತಾರೆ. ಎರಡನೆಯದು ನಿರ್ವಾತ ಚೀಲ. ಒಡಲಿನ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಸಿ ಅಂಚುಗಳನ್ನು ಭದ್ರಪಡಿಸಿ, ಪಂಪಿನಿಂದ ಒಳಗಿನ ಗಾಳಿಯನ್ನು ಹೀರಿದರೆ ಹೊರಗಿನ ವಾಯುಮಂಡಲವೇ ಒತ್ತುಯಂತ್ರವಾಗುತ್ತದೆ. ಪೂರ್ಣ ನಿರ್ವಾತದಲ್ಲಿ ಚದರ ಮೀಟರಿಗೆ ಸುಮಾರು 10 ಟನ್ ಒತ್ತಡ ದೊರೆಯಬೇಕು. ಸೋರಿಕೆ ಕಳೆದು ಶೇ. 70ರಷ್ಟು ದೊರೆತರೂ 20 ಚದರ ಮೀಟರಿನ ಒಡಲಿನ ಮೇಲೆ ಒಟ್ಟು 140 ಟನ್ ಭಾರ ಸಮನಾಗಿ ಹರಡುತ್ತದೆ. ಇಷ್ಟು ಒತ್ತಡದ ಯಂತ್ರವನ್ನು ಖರೀದಿಸಲು ಹೊರಟರೆ ಬ್ಯಾಂಕಿನ ಸಾಲ ಬೇಕಾದೀತು. ಇಲ್ಲಿ ಒಂದು ಸಣ್ಣ ಪಂಪು ಮತ್ತು ಪ್ಲಾಸ್ಟಿಕ್ ಹಾಳೆ ಸಾಕು. ಸಣ್ಣ ಕೈಗಾರಿಕೆಯವರನ್ನು ಈ ವಿಧಾನವು ಆಕರ್ಷಿಸುವುದು ಈ ಕಾರಣದಿಂದಲೇ. ಆದರೆ ಚೀಲವು ಸೋರದಂತೆ ನೋಡಿಕೊಳ್ಳಬೇಕಾದರೆ ಅಚ್ಚಿನ ಮೇಲ್ಮೈಯೂ ಗಾಳಿಯಾಡದಂತಿರಬೇಕು. ಅಂದರೆ ಅಚ್ಚಿನ ವೆಚ್ಚ ಮತ್ತೆ ಏರಿತು.

ಒಡಲು ಸಿದ್ಧವಾದ ಮೇಲೆ ಅದನ್ನು ಅಚ್ಚಿನಿಂದ ಎತ್ತಿ, ಮಗುಚಿ, ಒಳ ಹೊರ ಎರಡೂ ಕಡೆ ಎಪಾಕ್ಸಿಯ ಮೂರು ಲೇಪನಗಳನ್ನು ಕೊಡುತ್ತಾರೆ. ಹೀಗೆ ಮರವನ್ನು ಎಲ್ಲ ಕಡೆಯಿಂದಲೂ ಮುಚ್ಚುವುದರಿಂದ ಅದರೊಳಗಿನ ತೇವಾಂಶವು ಬೇಗನೆ ಏರಿಳಿಯುವುದಿಲ್ಲ. ತೇವಾಂಶ ಸ್ಥಿರವಾಗಿದ್ದರೆ ಮರವು ಹಿಗ್ಗುವುದು ಕುಗ್ಗುವುದು ಬಹಳಮಟ್ಟಿಗೆ ನಿಲ್ಲುತ್ತದೆ, ಬಲವೂ ಕುಂದುವುದಿಲ್ಲ, ಕೊಳೆಯುವಿಕೆಯೂ ದೂರವಾಗುತ್ತದೆ.

ಅಂಟಿನ ಇತಿಹಾಸವೇ ದೋಣಿಯ ಇತಿಹಾಸ

ತೆಳುಪದರಗಳಿಂದ ಒಡಲನ್ನು ಕಟ್ಟುವ ಆಲೋಚನೆ ಹಳೆಯದು. ತಡವಾಗಿ ಬಂದದ್ದು ನಂಬಿಗಸ್ಥ ಅಂಟು. ಇಂಗ್ಲೆಂಡಿನ ಥೇಮ್ಸ್ ನದೀತೀರದ ಗೋರಿಂಗ್‌ನಲ್ಲಿ ಸ್ಯಾಮ್ ಸಾಂಡರ್ಸ್ ಎಂಬಾತನು 1898ರಲ್ಲಿ ‘ಕನ್ಸೂಟ’ ಎಂಬ ಹಬೆದೋಣಿಯನ್ನು ನಿರ್ಮಿಸಿದನು. ಮಹಾಗನಿಯ ನಾಲ್ಕು ಪದರಗಳ ನಡುವೆ ಜಲನಿರೋಧಕ ಬಟ್ಟೆಯನ್ನಿರಿಸಿ, ನಾಲ್ಕನ್ನೂ ತಾಮ್ರದ ತಂತಿಯಿಂದ ಹೊಲಿಯಲಾಗಿತ್ತು. ನಂಬಬಹುದಾದ ಅಂಟು ಇಲ್ಲದ ಕಾಲದಲ್ಲಿ ಹೊಲಿಗೆಯೇ ಗತಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ದೋಣಿಗಳನ್ನು ಕಂಡ ಹಿರಿಯರಿಗೆ ಇದು ಅಪರಿಚಿತವೆನಿಸದು.

ಎರಡನೆಯ ಮಹಾಯುದ್ಧವು ಅಂಟಿನ ತಂತ್ರಜ್ಞಾನವನ್ನು ಒಮ್ಮೆಗೇ ಮುಂದಕ್ಕೆ ತಳ್ಳಿತು. 1940ರ ನವೆಂಬರ್ 25ರಂದು ಮೊದಲು ಹಾರಿದ ಡಿ ಹ್ಯಾವಿಲೆಂಡ್ ಸಂಸ್ಥೆಯ ಮಸ್ಕಿಟೊ ಯುದ್ಧವಿಮಾನದ ಮೈಯನ್ನು ಇದೇ ಬಗೆಯಲ್ಲಿ ತಯಾರಿಸುತ್ತಿದ್ದರು. ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು, ಅಚ್ಚುಗಳ ಮೇಲೆ ಎಡ ಬಲ ಎರಡು ಹೋಳುಗಳಾಗಿ ಅಂಟಿಸಿ, ಒಳಗಿನ ಸಲಕರಣೆಗಳನ್ನು ಅಳವಡಿಸಿದ ತರುವಾಯ ಹೋಳುಗಳನ್ನು ಜೋಡಿಸುತ್ತಿದ್ದರು. ಲೋಹದ ಅಭಾವವಿದ್ದ ಆ ಕಾಲದಲ್ಲಿ ಪೀಠೋಪಕರಣ ತಯಾರಕರು ವಿಮಾನದ ಭಾಗಗಳ ಉಪಗುತ್ತಿಗೆದಾರರಾದರು. ಆರಂಭದಲ್ಲಿ ಬಳಸಿದ್ದು ಹಾಲಿನಿಂದ ತೆಗೆಯುವ ಕೇಸೀನ್ ಅಂಟು. ಬಳಿಕ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅಭಿವೃದ್ಧಿಪಡಿಸಿದ ಏರೋಲೈಟ್ ಎಂಬ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಆ ಸ್ಥಾನಕ್ಕೆ ಬಂದಿತು.

ಈ ಕಥೆಗೆ ನಮ್ಮ ದೇಶದ ನಂಟೊಂದಿದೆ. 1944ರಲ್ಲಿ ಭಾರತದಲ್ಲಿ ನೆಲೆಗೊಂಡಿದ್ದ ಕೆಲವು ಮಸ್ಕಿಟೊಗಳ ಮರದ ರಚನೆ ಹಾರಾಟದಲ್ಲಿಯೇ ವಿಫಲವಾಗಿ ಪ್ರಾಣಹಾನಿ ಸಂಭವಿಸಿತು. ಆ ನವೆಂಬರ್ ತಿಂಗಳಲ್ಲಿ ವಿಮಾನಗಳನ್ನು ನೆಲಕ್ಕಿಳಿಸಿ ತಪಾಸಣೆ ನಡೆಸಲಾಯಿತು. ಮಳೆಗಾಲದ ತೇವ ಮತ್ತು ಬೇಸಿಗೆಯ ಕಾವಿಗೆ ಮರ ಕುಗ್ಗಿ ಹಿಗ್ಗಿದ್ದೇ ಕಾರಣವೆಂದು ಒಂದು ಅಭಿಪ್ರಾಯ. ಕಾರ್ಖಾನೆಯಲ್ಲಿ ಭಾಗಗಳನ್ನು ಸರಿಯಾಗಿ ಹೊಂದಿಸದೆ ಅಂಟಿನ ಸಂದಿನಲ್ಲಿ ತೆರಪು ಉಳಿದದ್ದು ಕಾರಣವೆಂದು ಇನ್ನೊಂದು. ಯಾವುದನ್ನು ಒಪ್ಪಿದರೂ ನಮಗೆ ಪ್ರಯೋಜನವೇ. ಉಷ್ಣವಲಯದಲ್ಲಿ ಈ ಕೆಲಸವನ್ನು ಕೈಗೊಳ್ಳುವವನು ಹವೆಯ ಮೇಲೂ ಕಣ್ಣಿಡಬೇಕು, ಸಂದಿನ ಮೇಲೂ ಕಣ್ಣಿಡಬೇಕು.

ಯುದ್ಧಾನಂತರ ಇಂಗ್ಲೆಂಡಿನ ಹ್ಯಾಂಬಲ್‌ನಲ್ಲಿ ಫೇರಿ ಮೆರೈನ್ ಸಂಸ್ಥೆಯು ವಿಮಾನ ನಿರ್ಮಾಣದ ಅನುಭವವನ್ನು ದೋಣಿಗೆ ತಂದಿತು. ಆದರೆ ಅವರದು ‘ಬಿಸಿ’ ವಿಧಾನ. ಪದರಗಳನ್ನು ಅಚ್ಚಿನ ಮೇಲಿಟ್ಟು ಆಟೋಕ್ಲೇವ್ ಎಂಬ ದೊಡ್ಡ ಒತ್ತಡ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಉಫಾ ಫಾಕ್ಸ್ ವಿನ್ಯಾಸಗೊಳಿಸಿದ ಫೈರ್‌ಫ್ಲೈ ಎಂಬ ಹಾಯಿದೋಣಿ ಹೀಗೆ ತಯಾರಾಗಿ 1948ರ ಒಲಿಂಪಿಕ್ ಸ್ಪರ್ಧೆಗೂ ಆಯ್ಕೆಯಾಯಿತು. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಅದರಲ್ಲಿ ಚಿನ್ನ ಗೆದ್ದರು. ಒಂದೇ ಮಾದರಿಯನ್ನು ನೂರಾರು ಸಂಖ್ಯೆಯಲ್ಲಿ ಮಾರುವವರಿಗೆ ಆಟೋಕ್ಲೇವಿನ ಬಂಡವಾಳ ಹೊರೆಯಾಗಲಿಲ್ಲ. ಮುಂದೆ ಫೈಬರ್‌ಗ್ಲಾಸ್ ಬಂದು ಆ ಮಾರುಕಟ್ಟೆಯನ್ನೇ ಆಕ್ರಮಿಸಿತು. ಒಂದು ಅಥವಾ ಎರಡು ದೋಣಿ ಕಟ್ಟುವವರಿಗೆ ಆಟೋಕ್ಲೇವ್ ಎಂದೂ ಎಟುಕದ ವಸ್ತುವೇ ಆಗಿತ್ತು. ಅಂಥವರಿಗೆ ಸಾಮಾನ್ಯ ಹವೆಯಲ್ಲಿ ಗಟ್ಟಿಯಾಗುವ ರಿಸಾರ್ಸಿನಾಲ್ ಅಂಟು ದೊರೆಯುತ್ತಿತ್ತು. ಅದು ನೀರಿಗೆ ಜಗ್ಗದು. ಆದರೆ ಸಂದು ಬಿಗಿಯಾಗಿರಬೇಕು, ಒತ್ತಡವೂ ಹೆಚ್ಚಾಗಿರಬೇಕು. ಈ ಎರಡು ಷರತ್ತುಗಳನ್ನೂ ಸಡಿಲಿಸಿದ್ದು ಎಪಾಕ್ಸಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬುಗಳಲ್ಲಿ ದೊರೆಯುವ ಅರಾಲ್ಡೈಟ್ ಇದೇ ವರ್ಗಕ್ಕೆ ಸೇರಿದ್ದು. ಎಪಾಕ್ಸಿಯು ಸಂದಿನ ತೆರಪನ್ನು ತುಂಬಿಕೊಂಡು ಗಟ್ಟಿಯಾಗುತ್ತದೆ, ಕೈಯಲ್ಲಿ ಒತ್ತಿದಷ್ಟು ಒತ್ತಡವೂ ಅದಕ್ಕೆ ಸಾಕು.

ಬೇ ಸಿಟಿಯ ಸಹೋದರರು

ವ್ಯಾಪಾರಿ ದೃಷ್ಟಿಯಿಂದ ಈ ಇತಿಹಾಸದಲ್ಲಿ ನನಗೆ ಅತ್ಯಂತ ಬೋಧಪ್ರದವೆನಿಸಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಬೇ ಸಿಟಿಯ ಗೂಜನ್ ಸಹೋದರರ ವೃತ್ತಾಂತ. ಮೀಡ್, ಜ್ಯಾನ್ ಮತ್ತು ಜೋಯೆಲ್ ಎಂಬ ಮೂವರು 1969ರಲ್ಲಿ ಸಂಸ್ಥೆ ಕಟ್ಟಿದರು. ಹೆಪ್ಪುಗಟ್ಟಿದ ಸರೋವರಗಳ ಮೇಲೆ ಹಾಯಿ ಕಟ್ಟಿ ಓಡಿಸುವ ಹಿಮದೋಣಿಗಳನ್ನು ತಯಾರಿಸುವುದು ಅವರ ಮೊದಲ ಕಸುಬು. ಪಕ್ಕದ ಮಿಡ್ಲೆಂಡ್ ಪಟ್ಟಣದಲ್ಲಿ ಡೌ ಕೆಮಿಕಲ್ ಸಂಸ್ಥೆಯ ಕೇಂದ್ರವಿದ್ದುದರಿಂದ ರಾಳಗಳ ಜ್ಞಾನ ಅವರ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. 1970ರಲ್ಲಿ ಮೀಡ್ ಗೂಜನ್ ‘ಅಡಾಜಿಯೊ’ ಎಂಬ 35 ಅಡಿಯ ಮೂರೊಡಲಿನ ಹಾಯಿದೋಣಿಯನ್ನು ಪೂರ್ತಿಯಾಗಿ ಎಪಾಕ್ಸಿ ಅಂಟಿನ ಬಲದಿಂದಲೇ ಕಟ್ಟಿದರು. 1975ರಲ್ಲಿ ಅವರ ಕಾರ್ಯಾಗಾರದಲ್ಲಿ ತಯಾರಾದ, ರಾನ್ ಹಾಲೆಂಡ್ ವಿನ್ಯಾಸದ ‘ಗೋಲ್ಡನ್ ಡೇಜಿ’ ಎಂಬ ದೋಣಿ ಕೆನಡಾಸ್ ಕಪ್ ಸ್ಪರ್ಧೆಯನ್ನು ಗೆದ್ದಿತು.

ಆದರೆ ಆ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ್ದು ದೋಣಿಗಳ ಮಾರಾಟವಲ್ಲ. ತಮ್ಮ ಕೆಲಸಕ್ಕಾಗಿ ಹದಗೊಳಿಸಿಕೊಂಡ ಎಪಾಕ್ಸಿಯನ್ನು ಇತರ ದೋಣಿಗಾರರು ಕೇಳತೊಡಗಿದಾಗ ಅದನ್ನೇ ವೆಸ್ಟ್ ಸಿಸ್ಟಮ್ ಎಂಬ ಹೆಸರಿನಲ್ಲಿ ಮಾರಲಾರಂಭಿಸಿದರು. ರಾಳ 5 ಪಾಲಿಗೆ ಹಾರ್ಡನರ್ 1 ಪಾಲು ಎಂಬ ಸರಳ ಅಳತೆ, ಅಳತೆ ತಪ್ಪದಂತೆ ಡಬ್ಬಿಯ ಬಾಯಿಗೆ ಸಣ್ಣ ಪಂಪು, ಜೊತೆಗೆ 1979ರಲ್ಲಿ ಪ್ರಕಟಿಸಿದ ದೋಣಿ ನಿರ್ಮಾಣದ ಸಮಗ್ರ ಕೈಪಿಡಿ. ತಮ್ಮ ವೃತ್ತಿರಹಸ್ಯವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಹಂಚುವ ವರ್ತಕನನ್ನು ನಮ್ಮ ಪೇಟೆಯಲ್ಲಿ ನಾನು ಕಂಡಿಲ್ಲ. ವಿಧಾನವನ್ನು ಕಲಿತವನು ಅಂಟಿಗಾಗಿ ತಮ್ಮ ಬಳಿಗೇ ಬರುವನೆಂಬ ಲೆಕ್ಕ ಅದರ ಹಿಂದಿತ್ತೆಂದು ಊಹಿಸಬಹುದು. 1970ರ ದಶಕದ ಕೊನೆಯಲ್ಲಿ ನಾಸಾ ಸಂಸ್ಥೆಯ ಗಾಳಿಯಂತ್ರ ಯೋಜನೆಗೆ ಮರ ಮತ್ತು ಎಪಾಕ್ಸಿಯ ಅಲಗುಗಳನ್ನೂ ಅವರು ತಯಾರಿಸಿ ಕೊಟ್ಟರು. ದೋಣಿ ಎಂಬುದು ಅವರ ಪಾಲಿಗೆ ಅಂಟಿನ ಸಾಮರ್ಥ್ಯವನ್ನು ತೋರಿಸುವ ಪ್ರದರ್ಶನ ವಸ್ತುವಾಯಿತು. ಲಾಭ ಇದ್ದದ್ದು ಡಬ್ಬಿಯಲ್ಲಿ. ಏಕೆ ಹೀಗಾಯಿತೆಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಲೆಕ್ಕ

ಮೇಲೆ ಹೇಳಿದ 20 ಚದರ ಮೀಟರಿನ ಒಡಲನ್ನೇ ತೆಗೆದುಕೊಳ್ಳೋಣ. ಮೂರು ಪದರ ಸೇರಿ 9 ಮಿಲಿಮೀಟರ್ ದಪ್ಪವಾದರೆ ಬೇಕಾದ ಮರ 0.18 ಘನ ಮೀಟರ್. ಮೂರನೆಯ ಒಂದು ಭಾಗ ಪೋಲೆಂದು ಕೂಡಿಸಿದರೆ 0.24. ಪದರಗಳ ನಡುವೆ ಅಂಟಿನ ಎರಡು ತಲಗಳು, ಒಟ್ಟು 40 ಚದರ ಮೀಟರ್. ಚದರ ಮೀಟರಿಗೆ 325 ಗ್ರಾಂನಂತೆ 13 ಕಿಲೋ. ಒಳ ಹೊರ ಮೂರು ಲೇಪನಗಳಿಗೆ, ಚದರ ಮೀಟರಿಗೆ ಲೇಪನವೊಂದಕ್ಕೆ 100 ಗ್ರಾಂನಂತೆ 12 ಕಿಲೋ. ಅಂದರೆ ಕಾಲು ಘನ ಮೀಟರಿಗಿಂತ ಕಡಮೆ ಮರ, 25 ಕಿಲೋ ಎಪಾಕ್ಸಿ. ಸಾಮಗ್ರಿಯ ಪಟ್ಟಿ ಇಷ್ಟು ಚಿಕ್ಕದಾಗಿರುವುದನ್ನು ಕಂಡೇ ನಮ್ಮ ವರ್ತಕರು ಮರುಳಾಗುವುದು. ವೆಚ್ಚದ ಭಾರವೆಲ್ಲ ಅಚ್ಚು ಮತ್ತು ಕೂಲಿಯ ಗಂಟೆಗಳಲ್ಲಿ ಅಡಗಿದೆ.

ಫೈಬರ್‌ಗ್ಲಾಸಿನವನ ಲೆಕ್ಕ ಬೇರೆ. ಅವನು ಮೊದಲು ದೋಣಿಯ ಪೂರ್ಣಾಕಾರದ ಮಾದರಿಯನ್ನು ಮಾಡಿ, ಅದರ ಮೇಲೆ ಒಳಬಾಗಿದ ಅಚ್ಚನ್ನು ಎರಕ ತೆಗೆಯಬೇಕು. ಆರಂಭಿಕ ವೆಚ್ಚ ಮರದ ಅಚ್ಚಿಗಿಂತ ಬಹಳ ಹೆಚ್ಚು. ಆದರೆ ಅನಂತರ ಪ್ರತಿ ಒಡಲೂ ಕೆಲವೇ ದಿನಗಳಲ್ಲಿ ಹೊರಬರುತ್ತದೆ, ಹೊರಮೈ ಹೊಳಪಿನೊಂದಿಗೇ ಬರುತ್ತದೆ. ಹತ್ತನೆಯ ದೋಣಿಯ ಹೊತ್ತಿಗೆ ಅವನ ಅಚ್ಚು ತನ್ನ ಋಣ ತೀರಿಸಿರುತ್ತದೆ. ಕೋಲ್ಡ್ ಮೋಲ್ಡಿಂಗಿನಲ್ಲಿ ಹತ್ತನೆಯ ದೋಣಿಗೂ 300 ಪಟ್ಟಿಗಳನ್ನು ಒಂದೊಂದಾಗಿ ಸವರಲೇಬೇಕು. ಕೈ ಪಳಗಿದಂತೆ ಸಮಯ ಸ್ವಲ್ಪ ಇಳಿಯಬಹುದು, ಅರ್ಧಕ್ಕಂತೂ ಇಳಿಯದು. ಆದಕಾರಣ ಒಂದೇ ಮಾದರಿಯ ಹಲವು ದೋಣಿಗಳಲ್ಲಿ ಫೈಬರ್‌ಗ್ಲಾಸಿನೊಂದಿಗೆ ಸ್ಪರ್ಧಿಸುವುದು ವ್ಯರ್ಥ. ಒಂದೇ ಒಂದು ದೋಣಿ ಬೇಕು, ಅದೂ ತನ್ನದೇ ವಿನ್ಯಾಸದಲ್ಲಿ ಬೇಕು, ಹಗುರವಾಗಿರಬೇಕು, ಮರದ ನೋಟವಿರಬೇಕು, ಬೆಲೆಗೆ ಅಂಜುವುದಿಲ್ಲ ಎಂಬ ಗಿರಾಕಿಯಿದ್ದಲ್ಲಿ ಮಾತ್ರ ಈ ವಿಧಾನ ಗೆಲ್ಲುತ್ತದೆ. ಹಗುರತನವು ಬರಿಯ ಮಾತಲ್ಲ. ಫೈಬರ್‌ಗ್ಲಾಸಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1,500 ಕಿಲೋ. ಪಾಶ್ಚಾತ್ಯರು ಬಳಸುವ ರೆಡ್ ಸೀಡರ್ ಮರದ್ದು 370ರ ಆಸುಪಾಸು. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅಷ್ಟೇ ತೂಕದಲ್ಲಿ ದಪ್ಪವಾದ ಮರದ ಒಡಲು ಬಾಗದೆ ನಿಲ್ಲುತ್ತದೆ. ನಮ್ಮವರು ತಕ್ಷಣ ಸಾಗುವಾನಿಯ ಹೆಸರು ಹೇಳುತ್ತಾರೆ. ಅದು ಭಾರ, ಮೇಲಾಗಿ ಅದರಲ್ಲಿರುವ ಎಣ್ಣೆಯಂಶ ಅಂಟಿಗೆ ವಿರೋಧಿ.

ಇನ್ನು ನನ್ನ ಕಕ್ಷಿದಾರರ ಪ್ರಸಂಗ. ಕರಾವಳಿಯ ಒಂದು ಪಟ್ಟಣದಲ್ಲಿ ಪ್ಲೈವುಡ್ ವ್ಯಾಪಾರವನ್ನೂ ಚಿಕ್ಕ ಪೀಠೋಪಕರಣ ಘಟಕವನ್ನೂ ನಡೆಸುತ್ತಿದ್ದ ಅವರಿಗೆ 2011ರಲ್ಲಿ ವಿಹಾರಧಾಮವೊಂದರಿಂದ 7 ಮೀಟರ್ ದೋಣಿಯ ಬೇಡಿಕೆ ಬಂದಿತು. ಚೆನ್ನಾಗಿ ಬಂದರೆ ಇನ್ನೂ ನಾಲ್ಕು ಕೊಳ್ಳುವುದಾಗಿ ಬಾಯಿಮಾತಿನ ಭರವಸೆ. ಅಂದಾಜು ಪಟ್ಟಿಯನ್ನು ನನ್ನ ಮುಂದೆ ಇರಿಸಿದರು. ಅಚ್ಚಿಗೆ 140 ಗಂಟೆ, ಅದನ್ನು ಐದು ದೋಣಿಗಳಿಗೆ ಹಂಚಿದರೆ ದೋಣಿಗೆ 28, ಒಡಲಿಗೆ 125, ಮೇಲ್ಕಟ್ಟು, ಉಜ್ಜುವಿಕೆ, ಲೇಪನ ಇತ್ಯಾದಿಗೆ 167. ಒಟ್ಟು 320 ಗಂಟೆ. ಅಚ್ಚನ್ನು ಸ್ಥಿರಾಸ್ತಿಯೆಂದು ತೋರಿಸಿ ಸವಕಳಿ ಹಾಕಬಹುದೆಂದು ಸಲಹೆ ಕೊಟ್ಟವನು ನಾನೇ. ಅಂಕಗಣಿತ ಸರಿಯಾಗಿತ್ತು. ಆ ನಾಲ್ಕು ದೋಣಿಗಳಿಗೆ ಒಂದು ತುಂಡು ಕಾಗದವಾದರೂ ಇದೆಯೆ ಎಂದು ನಾನು ಕೇಳಲಿಲ್ಲ.

ಕೆಲಸ ಮುಗಿದಾಗ ಹಾಜರಿ ಪುಸ್ತಕ ತೋರಿಸಿದ ಗಂಟೆಗಳು 890. ಅಚ್ಚಿಗೆ 210, ಒಡಲಿಗೆ 310, ಉಳಿದ ಕೆಲಸಕ್ಕೆ 290, ದುರಸ್ತಿಗೆ 80. ದುರಸ್ತಿಯ ಕಾರಣವನ್ನು ವಿವರಿಸುವುದು ಅಗತ್ಯ. ಒಡಲಿನ ಕೆಲಸ ಆಷಾಢದ ಮಳೆಗೆ ಸಿಲುಕಿತು. ಎಪಾಕ್ಸಿಯ ಕೆಲಸಕ್ಕೆ ಮರದ ತೇವಾಂಶ ಶೇ. 8ರಿಂದ 12ರೊಳಗಿರುವುದು ಕ್ಷೇಮ. ಗಾಳಿಯ ಆರ್ದ್ರತೆ ಶೇ. 85 ಇರುವ ಕಡೆ ತೆರೆದಿಟ್ಟ ಮರವು ಕಾಲಕ್ರಮದಲ್ಲಿ ಶೇ. 17–18ಕ್ಕೆ ಹೋಗಿ ನಿಲ್ಲುತ್ತದೆ. ಇದಲ್ಲದೆ, ತೇವದ ಹವೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಮೇಣದಂತಹ ಜಿಡ್ಡಿನ ಪೊರೆಯೊಂದು ಮೂಡುವುದುಂಟು. ಬರಿಯ ನೀರಿನಿಂದ ತೊಳೆದರೆ ಅದು ಹೋಗುತ್ತದೆ. ತೊಳೆಯದೆ ಮೇಲಿನ ಪದರವನ್ನು ಅಂಟಿಸಿದರೆ ಹಿಡಿತ ಸಿಕ್ಕುವುದಿಲ್ಲ. ಅವರ ಬಡಗಿಗಳು ಅನುಭವಿಗಳೇ, ಆದರೆ ಅವರ ಅನುಭವವೆಲ್ಲ ಬೇರೆ ಅಂಟಿನದು. ಮರಗೆಲಸದಲ್ಲಿ ನೀರು ತಾಗಿಸಬಾರದೆಂಬ ಹಳೆಯ ಶಿಸ್ತಿಗೆ ಬದ್ಧರಾಗಿ ತೊಳೆಯಲಿಲ್ಲ. ಬೆರಳಿನಿಂದ ತಟ್ಟಿದಾಗ ನಾಲ್ಕಾರು ಕಡೆ ಟೊಳ್ಳು ದನಿ ಬಂದಿತು. ಅಲ್ಲಿ ಕೊರೆದು ತೆಗೆದು ಹೊಸ ತುಂಡುಗಳನ್ನು ಕೂರಿಸಬೇಕಾಯಿತು. ಬೆರೆಸಿದ ಎಪಾಕ್ಸಿ ಪಾತ್ರೆಯಲ್ಲಿಯೇ ಕಾದು ಹೊಗೆಯಾಡಿ ಗಟ್ಟಿಯಾದ ಪ್ರಸಂಗಗಳೂ ನಡೆದವು. ಹವೆ 10 ಡಿಗ್ರಿ ಏರಿದರೆ ಅದರ ಬಳಕೆಯ ಅವಧಿ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಆಳವಾದ ಡಬ್ಬಿಯ ಬದಲು ಅಗಲವಾದ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಬೆರೆಸತಕ್ಕದ್ದು. ಕೈಗವುಸಿಲ್ಲದೆ ದುಡಿದ ಒಬ್ಬ ಕೆಲಸಗಾರನಿಗೆ ಚರ್ಮದ ತುರಿಕೆ ಹಿಡಿದು, ಆತ ಮತ್ತೆ ಆ ಕೆಲಸಕ್ಕೆ ಬರಲಾಗಲಿಲ್ಲ. ಕೈಗವುಸಿನ ಬೆಲೆಯನ್ನು ಅಂದಾಜಿನಲ್ಲಿ ಸೇರಿಸಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ದಾಖಲಿಸುತ್ತೇನೆ.

ದೋಣಿ ಚೆನ್ನಾಗಿಯೇ ಬಂದಿತು. ವಿಹಾರಧಾಮದ ಆಡಳಿತ ಬದಲಾಗಿ ಉಳಿದ ನಾಲ್ಕರ ಮಾತು ಅಲ್ಲಿಗೇ ನಿಂತಿತು.

ಪುಸ್ತಕದಲ್ಲಿ ಬರೆಯುವ ಬಗೆ

ನನ್ನ ಸಲಹೆಯ ದೋಷವನ್ನು ಈಗ ನೇರವಾಗಿ ಹೇಳಬಹುದು. ಗಿರಾಕಿಯ ನಿರ್ದಿಷ್ಟ ವಿನ್ಯಾಸಕ್ಕೆ ಒಪ್ಪಂದ ಮಾಡಿಕೊಂಡು ಕಟ್ಟುವ ದೋಣಿಯನ್ನು ಕುರ್ಚಿ ಮೇಜಿನಂತೆ ದಾಸ್ತಾನೆಂದು ಎಣಿಸಲಾಗದು. ಲೆಕ್ಕಪತ್ರ ಮಾನಕ 7 ನಿರ್ಮಾಣ ಗುತ್ತಿಗೆಗಳಿಗೆ ಸಂಬಂಧಿಸಿದ್ದು. ಸೇತುವೆ, ಕಟ್ಟಡ, ರಸ್ತೆಗಳ ಜೊತೆಯಲ್ಲಿ ಹಡಗನ್ನೂ ಅದು ಉದಾಹರಿಸುತ್ತದೆ. ಆ ಒಂದು ಗುತ್ತಿಗೆಯ ಹೊರತು ಬೇರೆಲ್ಲಿಯೂ ಉಪಯೋಗಕ್ಕೆ ಬಾರದ ಅಚ್ಚಿನ ವೆಚ್ಚ ಆ ಗುತ್ತಿಗೆಯ ವೆಚ್ಚವೇ ಆಗಬೇಕು. ಮುಂದೆ ಬರಬಹುದಾದ ಬೇಡಿಕೆಗಳು ಗುತ್ತಿಗೆಯಲ್ಲ, ಆಸೆ. ಇದಲ್ಲದೆ ಒಟ್ಟು ವೆಚ್ಚವು ಒಟ್ಟು ಆದಾಯವನ್ನು ಮೀರುವ ಸಂಭವ ಕಂಡುಬಂದ ಕ್ಷಣದಲ್ಲಿಯೇ, ಕೆಲಸ ಎಷ್ಟೇ ಬಾಕಿಯಿರಲಿ, ಇಡೀ ನಷ್ಟವನ್ನು ಖರ್ಚಿಗೆ ಹಾಕಬೇಕೆಂದು ಮಾನಕ ವಿಧಿಸುತ್ತದೆ. ಅಚ್ಚು 140ರ ಬದಲು 210 ಗಂಟೆ ನುಂಗಿದಾಗಲೇ ನಾವು ಹಾಗೆ ಮಾಡಿದ್ದರೆ, ಒಡಲು ಆರಂಭಿಸುವ ಮುನ್ನ ಗಿರಾಕಿಯೊಂದಿಗೆ ಬೆಲೆಯ ಮಾತನಾಡಲು ಅವಕಾಶವಿರುತ್ತಿತ್ತು. ಆದಾಯ ತೆರಿಗೆಯಲ್ಲಿ ಪರಿಸ್ಥಿತಿ ಭಿನ್ನ. 2017–18ನೇ ನಿರ್ಧರಣಾ ವರ್ಷದಿಂದ ಜಾರಿಗೆ ಬಂದ ತೆರಿಗೆ ಲೆಕ್ಕದ ಮಾನಕಗಳು ನಿರೀಕ್ಷಿತ ನಷ್ಟವನ್ನು ಮುಂಗಡವಾಗಿ ಕಳೆಯಲು ಬಿಡುವುದಿಲ್ಲ. ಕೆಲಸ ಸಾಗಿದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ನಷ್ಟ ಸಲ್ಲುತ್ತದೆ.

ಈ ಬಗೆಯ ಬೇಡಿಕೆಯನ್ನು ಒಪ್ಪುವ ಸದಸ್ಯರು ಕರಾರಿನಲ್ಲಿ ಅಚ್ಚನ್ನು ಪ್ರತ್ಯೇಕ ಬಾಬತ್ತಾಗಿ ಕಾಣಿಸಿ, ಅದರ ಪೂರ್ಣ ಬೆಲೆಯನ್ನು ಅಚ್ಚು ನಿಂತ ದಿನವೇ ಪಡೆಯುವಂತೆ ಬರೆಸಿಕೊಳ್ಳುವುದು ಮೇಲು. ಎರಡನೆಯ ದೋಣಿ ಬಂದರೆ ಆಗ ರಿಯಾಯಿತಿ ಕೊಡಬಹುದು. ಉಳಿದ ಹಣ ಪದರಗಳ ಲೆಕ್ಕದಲ್ಲಿ ಬರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಗಡುವಿನಿಂದ ಹೊರಗಿಡುವ ಷರತ್ತೂ ಇರಲಿ. ಒಳಾಂಗಣದ ತೇವಾಂಶವನ್ನು ಯಂತ್ರದಿಂದ ನಿಯಂತ್ರಿಸುವುದಾದರೆ ಆ ವಿದ್ಯುತ್ ವೆಚ್ಚವನ್ನು ಅಂದಾಜಿಗೆ ಸೇರಿಸಬೇಕಾದೀತು. ಬೆಲೆ ನಮೂದಿಸುವಾಗ ಸರಕು ಮತ್ತು ಸೇವಾ ತೆರಿಗೆಯ ವರ್ಗೀಕರಣವನ್ನೂ ಮೊದಲೇ ನೋಡಿಕೊಳ್ಳುವುದು. ಮೀನುಗಾರಿಕೆ ದೋಣಿಗಳು ಶೇ. 5ರ ದರದಲ್ಲಿವೆ, ವಿಹಾರ ಹಾಗೂ ಕ್ರೀಡೆಗೆ ಬಳಸುವ ಯಾನಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿದೆ. ಒಂದೇ ಅಚ್ಚಿನಿಂದ ಇಳಿದ ಒಡಲಾದರೂ ಯಾವ ಉಪಯೋಗಕ್ಕೆ ಕಟ್ಟಲಾಯಿತೆಂಬುದರ ಮೇಲೆ ದರ ನಿಲ್ಲುವುದರಿಂದ, ಆ ಉಪಯೋಗವನ್ನು ಗಿರಾಕಿಯ ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳತಕ್ಕದ್ದು.